ಒಂದು ಚುಕ್ಕೆಯಲ್ಲಿ ಕಾಣೆಯಾದ 143 ಜನ

ಕೆಲವು ವರ್ಷಗಳ ಹಿಂದಿನ ಮಾತು. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಕ್ಯಾಬ್ ಹಿಡಿಯೋಣ ಅಂತ ಎದ್ದಿದ್ದೆ. ಕ್ಲೈಂಟ್ ಕಡೆಯ ಎಚ್‌ಆರ್ ಫೋನ್ ಮಾಡಿದರು. ಅವರ ಕಂಪನಿಯ ಅಕೌಂಟ್ಸ್ ವಿಭಾಗದ ಮೇಡಂ ಒಬ್ಬರು ಪಿತ್ತಕೋಶದ ಆಪರೇಷನ್‌ಗೆ ಅಡ್ಮಿಟ್ ಆಗಿದ್ದಾರೆ. ಆದರೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನವರು "ನಿಮ್ಮ ಹೆಸರು ಪಟ್ಟಿಯಲ್ಲೇ ಇಲ್ಲ" ಅಂತಿದ್ದಾರೆ. ಪಟ್ಟಿ ಕಳಿಸಿದ್ದು ನಮ್ಮ ಸಾಫ್ಟ್‌ವೇರ್. ಅದರಲ್ಲೂ ಆ ಪಟ್ಟಿ ತಯಾರಿಸೋ ಕ್ವೆರಿ ಬರೆದಿದ್ದು ನಾನೇ.

ಎಣಿಸಿ ನೋಡಿದೆ. ಕಂಪನಿಯಲ್ಲಿದ್ದದ್ದು 1,112 ಉದ್ಯೋಗಿಗಳು. ಪಟ್ಟಿಯಲ್ಲಿದ್ದವರು 969. ಬಿಟ್ಟುಹೋದ 143 ಜನರಲ್ಲಿ ಒಂದೇ ಸಮಾನ ಅಂಶ: ಯಾರಿಗೂ ಗಂಡನಾಗಲಿ ಹೆಂಡತಿಯಾಗಲಿ ಇರಲಿಲ್ಲ. ಮದುವೆಯಾಗದವರು, ಡೈವೋರ್ಸ್ ಆದವರು, ಸಂಗಾತಿ ತೀರಿಹೋದವರು. ಆ ಮೇಡಂ ಅವರ ಗಂಡ ತೀರಿಕೊಂಡು ಆರು ವರ್ಷವಾಗಿತ್ತಂತೆ. ಎಚ್‌ಆರ್ ಇಂದ ಫೋನ್ ಇಸ್ಕೊಂಡು ಅವರು ಕೇಳಿದ್ದು ಒಂದೇ ಪ್ರಶ್ನೆ: "ಗಂಡ ಇಲ್ದೋರು ನಿಮ್ಮ ಕಂಪ್ಯೂಟರಿಗೆ ಕಾಣಲ್ವಾ ಸರ್?"

ಉತ್ತರ ನನ್ನ ಹತ್ತಿರ ಇತ್ತು. ಹೇಳೋ ಧೈರ್ಯ ಇರಲಿಲ್ಲ. ಕಾಣಲ್ಲ ಮೇಡಂ, ನಾನು ಒಂದು ಚುಕ್ಕೆ ಇಟ್ಟಿದ್ದೆ, ಆ ಚುಕ್ಕೆಯಲ್ಲಿ ನೀವು ಕಾಣೆಯಾದ್ರಿ.

ಈ ಚುಕ್ಕೆಯ ಬಗ್ಗೆ ಸ್ವಲ್ಪ ವಿವರವಾಗಿ ಜಗಳ ಆಡಬೇಕು ಅಂತಲೇ ಇದನ್ನು ಬರೀತಿರೋದು. ತಪ್ಪು ನನ್ನದೇ, ಅನುಮಾನ ಬೇಡ. ಆದರೆ ಇಂಥ ತಪ್ಪು ಇಷ್ಟು ಸುಲಭವಾಗಿ, ಇಷ್ಟು ಸದ್ದಿಲ್ಲದೆ ಆಗುವಂತೆ ನಮ್ಮ ಕೈಗೆ ಸಲಕರಣೆ ಮಾಡಿಕೊಟ್ಟವರದೂ ಸ್ವಲ್ಪ ಪಾಲಿದೆ.

ಜಾವಾದಲ್ಲಿ ಕೆಲಸ ಮಾಡೋರಿಗೆ ಗೊತ್ತು, ನಾವು ನೇರವಾಗಿ ಟೇಬಲ್‌ಗಳ ಜೊತೆ ಮಾತಾಡೋದು ಕಡಿಮೆ. ನಡುವೆ ಹೈಬರ್ನೇಟ್ ಥರದ ಒಬ್ಬ ದುಭಾಷಿ ಇರ್ತಾನೆ. ನಮ್ಮ ಕಡೆ ಆಬ್ಜೆಕ್ಟುಗಳು, ಆ ಕಡೆ ರೋ, ಕಾಲಂ, ಕೀಗಳು. ಈ ದುಭಾಷಿಗಳು ಹೇಗಿರಬೇಕು ಅಂತ 2006ರಲ್ಲಿ ಒಂದು ಸ್ಟ್ಯಾಂಡರ್ಡ್ ಬಂತು, ಅದರ ಹೆಸರು ಜೆಪಿಎ. ಅದರ ಕ್ವೆರಿ ಭಾಷೆಯಲ್ಲಿ ಉದ್ಯೋಗಿಯ ಸಂಗಾತಿಯ ಹೆಸರು ಬೇಕಂದ್ರೆ 'ಇ ಡಾಟ್ ಸ್ಪೌಸ್ ಡಾಟ್ ನೇಮ್' ಅಂತ ಬರೆದರೆ ಮುಗೀತು. ಎಷ್ಟು ಮುದ್ದಾಗಿದೆ ನೋಡಿ! ಜಾಯಿನ್ ಬರೆಯೋ ರಗಳೆ ಇಲ್ಲ. ಆದರೆ ಆ ಎರಡನೇ ಡಾಟ್ ಇದೆಯಲ್ಲ, ಅದರ ಅರ್ಥ ಸ್ಟ್ಯಾಂಡರ್ಡ್ ಪ್ರಕಾರ ಇನ್ನರ್ ಜಾಯಿನ್. ಅಂದರೆ ಸಂಗಾತಿ ಇದ್ದವರನ್ನು ಮಾತ್ರ ಇಟ್ಟುಕೋ, ಉಳಿದವರನ್ನು ಬಿಡು. ಎರರ್ ಬರಲ್ಲ. ಲಾಗ್‌ನಲ್ಲಿ ಒಂದು ವಾರ್ನಿಂಗೂ ಇರಲ್ಲ. ಪಟ್ಟಿ ಚೆನ್ನಾಗಿಯೇ ಬರುತ್ತೆ, ಸ್ವಲ್ಪ ಗಿಡ್ಡ ಅಷ್ಟೆ.

ತಮಾಷೆ ಏನಂದ್ರೆ, ಅದೇ ಡಾಟನ್ನು ಜಾವಾ ಕೋಡಿನಲ್ಲಿ ಇಟ್ಟಿದ್ದರೆ, ಸಂಗಾತಿ ಇಲ್ಲದ ಮೊದಲನೇ ಉದ್ಯೋಗಿಗೇ ಪ್ರೋಗ್ರಾಂ ನಲ್ ಪಾಯಿಂಟರ್ ಎಕ್ಸೆಪ್ಷನ್ ಅಂತ ಕಿರುಚಿಕೊಂಡು ಬಿದ್ದುಬಿಡ್ತಿತ್ತು. ನಾನು ಬೈಕೊಂಡು ಸರಿ ಮಾಡ್ತಿದ್ದೆ. ಒಂದೇ ಚುಕ್ಕೆ, ಒಂದು ಕಡೆ ಕಿರುಚಾಟ, ಇನ್ನೊಂದು ಕಡೆ ಮೌನ. ದುಭಾಷಿಯ ಮೇಲೆ ನನ್ನ ಮೊದಲ ದೂರು ಇದೇ. ಎರಡು ಭಾಷೆಗಳು ಒಂದೇ ಅಂತ ನಂಬಿಸುತ್ತಾನೆ, ಆದರೆ ಎರಡರಲ್ಲೂ 'ಇಲ್ಲ' ಅನ್ನೋ ಪದಕ್ಕೆ ಬೇರೆ ಬೇರೆ ಅರ್ಥ ಇದೆ ಅನ್ನೋದನ್ನ ಹೇಳೋದೇ ಇಲ್ಲ.

ಜಾವಾದ ನಲ್ ಒಂದು ಸರಳ ಪ್ರಾಣಿ. ಈ ಬಾಣ ಎಲ್ಲಿಗೂ ತೋರಿಸ್ತಿಲ್ಲ, ಅಷ್ಟೇ ಅದರ ಅರ್ಥ. ಎರಡು ನಲ್‌ಗಳನ್ನು ಹೋಲಿಸಿದರೆ ಸಮ ಅನ್ನುತ್ತೆ. ಇದರ ಮೂಲಪುರುಷ ಟೋನಿ ಹೋರ್. 1965ರಲ್ಲಿ ಆಲ್ಗಾಲ್ ಡಬ್ಲ್ಯೂ ಭಾಷೆಗೆ ಇದನ್ನು ಸೇರಿಸಿದವರು, 2009ರಲ್ಲಿ ಲಂಡನ್ನಿನ ಒಂದು ಸಮ್ಮೇಳನದಲ್ಲಿ ನಿಂತು, ಇದು ನನ್ನ ಶತಕೋಟಿ ಡಾಲರ್ ತಪ್ಪು ಅಂತ ಕ್ಷಮೆ ಕೇಳಿದರು. ದೊಡ್ಡ ಮನುಷ್ಯ.

ಡೇಟಾಬೇಸಿನ ನಲ್ ಬೇರೆ ಮನೆತನದ್ದು. ರಿಲೇಷನಲ್ ಮಾಡೆಲ್ ಕೊಟ್ಟ ಎಡ್ಗರ್ ಕಾಡ್ ಐಬಿಎಂನಲ್ಲಿದ್ದಾಗ, 1970ರಲ್ಲಿ ಆ ಪ್ರಸಿದ್ಧ ಪ್ರಬಂಧ ಬರೆದರು. ನಲ್ ಬಗ್ಗೆ ವಿವರವಾಗಿ ಬರೆದದ್ದು ಆಮೇಲೆ, 1979ರಲ್ಲಿ. ಅಲ್ಲಿ ನಲ್ ಅಂದರೆ 'ಈ ಜಾಗದಲ್ಲಿ ಏನಿದೆಯೋ ತಿಳಿಯದು'. ಹಾಗಾಗಿ ನಲ್ ಮತ್ತು ನಲ್ ಸಮವೇ ಅಂತ ಕೇಳಿದರೆ ಹೌದೂ ಅಲ್ಲ, ಅಲ್ಲವೂ ಅಲ್ಲ, 'ಗೊತ್ತಿಲ್ಲ' ಅನ್ನುತ್ತೆ. ಎರಡು ಬೆಲೆಯ ತರ್ಕ ಹೋಗಿ ಮೂರು ಬೆಲೆಯ ತರ್ಕ ಬಂತು. ಕಾಡ್ ಅವರಿಗೇ ಒಂದು ನಲ್ ಸಾಲದು ಅನ್ನಿಸಿ, 1990ರ ಪುಸ್ತಕದಲ್ಲಿ ಎರಡು ಬಗೆ ಮಾಡಿದರು. ಒಂದು, ಇದೆ ಆದರೆ ನಮಗೆ ಗೊತ್ತಿಲ್ಲ. ಇನ್ನೊಂದು, ಇಲ್ಲಿ ಅನ್ವಯಿಸೋದೇ ಇಲ್ಲ. ಕ್ರಿಸ್ ಡೇಟ್ ಅಂಥವರು ಉಲ್ಟಾ ವಾದ ಮಾಡಿದರು, ನಲ್ ಅನ್ನೋದೇ ಬೇಡ, ಅದು ಬರದಂತೆ ಟೇಬಲ್ಲುಗಳನ್ನು ಒಡೆದು ಬರೀರಿ ಅಂತ. ನಾವು ದಿನಾ ಬಳಸುವ ಎಸ್‌ಕ್ಯೂಎಲ್ ಇಬ್ಬರ ಮಾತನ್ನೂ ಕೇಳಲಿಲ್ಲ. ಒಂದೇ ನಲ್ ಇಟ್ಟುಕೊಂಡು, ಎಲ್ಲ ಅರ್ಥವನ್ನೂ ಅದರ ತಲೆಗೇ ಕಟ್ಟಿತು.

ಕನ್ನಡದವರಿಗೆ ಇದು ಚೆನ್ನಾಗಿ ಅರ್ಥವಾಗಬೇಕು. ನಮ್ಮಲ್ಲಿ 'ಇಲ್ಲ' ಬೇರೆ, 'ಅಲ್ಲ' ಬೇರೆ, 'ಬೇಡ' ಬೇರೆ, 'ಗೊತ್ತಿಲ್ಲ' ಬೇರೆ. ಮನೆಗೆ ಬಂದ ನೆಂಟರು "ಮದುವೆ ಆಗಿದ್ಯಾ?" ಅಂದರೆ, ಇಲ್ಲ ಅನ್ನೋದಕ್ಕೂ ಬೇಡ ಅನ್ನೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನಿಮಗೆ ಹೇಳಬೇಕಾ? ನಮ್ಮ ಕ್ಲೈಂಟಿನ ಟೇಬಲ್ಲಿನಲ್ಲಿ ಸಂಗಾತಿಯ ಕಾಲಂ ಖಾಲಿ ಇದ್ದ 143 ಜನರಲ್ಲಿ, ನಿಜಕ್ಕೂ ಸಂಗಾತಿ ಇಲ್ಲದವರು ಎಷ್ಟು, ಫಾರ್ಮ್ ತುಂಬುವಾಗ ಬಿಟ್ಟುಬಿಟ್ಟವರು ಎಷ್ಟು, ಕೇಳಿದಾಗ ಹೇಳೋಕೆ ಇಷ್ಟವಿಲ್ಲದವರು ಎಷ್ಟು? ಮೊದಲ ದಿನ ನಾನು ಎಲ್ಲರಿಗೂ ಸಂಗಾತಿ ಇಲ್ಲ ಅಂತಲೇ ಓದಿಕೊಂಡಿದ್ದೆ. ಆಮೇಲೆ ಎಚ್‌ಆರ್ ಒಬ್ಬೊಬ್ಬರನ್ನೇ ಕೇಳಿದಾಗ, ಅವರಲ್ಲಿ 11 ಜನ ಮದುವೆಯಾದವರೇ. ಯಾರೋ ಎಂಟ್ರಿ ಮಾಡೋದು ಮರೆತಿದ್ದರು. ನಲ್ಲ ಇದ್ದವರಿಗೂ ಇಲ್ಲದವರಿಗೂ ಒಂದೇ ನಲ್.

ಹಾಗಾದ್ರೆ ಇಂಥ 'ಇದ್ದರೂ ಇರಬಹುದು' ಸಂಬಂಧವನ್ನು ಟೇಬಲ್ಲಿಗೆ ಇಳಿಸೋದು ಹೇಗೆ? ಅಪಾರ್ಟ್‌ಮೆಂಟಿನ ಉದಾಹರಣೆ ತಗೊಳ್ಳೋಣ. ಫ್ಲ್ಯಾಟುಗಳಿವೆ, ಪಾರ್ಕಿಂಗ್ ಜಾಗಗಳಿವೆ. ಎಲ್ಲ ಫ್ಲ್ಯಾಟಿಗೂ ಪಾರ್ಕಿಂಗ್ ಇಲ್ಲ, ಎಲ್ಲ ಪಾರ್ಕಿಂಗನ್ನೂ ಯಾರಿಗೋ ಕೊಟ್ಟಿಲ್ಲ. ಎರಡೂ ಕಡೆ ಐಚ್ಛಿಕ.

ಮೊದಲನೇ ದಾರಿ, ಫ್ಲ್ಯಾಟ್ ಟೇಬಲ್ಲಿನಲ್ಲಿ ಪಾರ್ಕಿಂಗ್ ಐಡಿ ಅಂತ ಒಂದು ಫಾರಿನ್ ಕೀ ಕಾಲಂ, ಇಲ್ಲದವರಿಗೆ ನಲ್. ನೂರಕ್ಕೆ ತೊಂಬತ್ತು ಜನ ಹೀಗೇ ಮಾಡೋದು, ನಾನೂ ಮಾಡ್ತೀನಿ. ಎರಡನೇ ದಾರಿ, ಅದೇ ಕೀಯನ್ನು ಪಾರ್ಕಿಂಗ್ ಟೇಬಲ್ಲಿನಲ್ಲಿ ಇಡೋದು, ಖಾಲಿ ಜಾಗಗಳಿಗೆ ನಲ್. ಮೂರನೇ ದಾರಿ, ಹಂಚಿಕೆ ಅಂತ ಮೂರನೇ ಟೇಬಲ್ಲೇ ಮಾಡೋದು. ಅದರಲ್ಲಿ ಫ್ಲ್ಯಾಟ್ ಐಡಿ ಪ್ರೈಮರಿ ಕೀ, ಪಾರ್ಕಿಂಗ್ ಐಡಿ ಯುನೀಕ್. ಪಾರ್ಕಿಂಗ್ ಇದ್ದರೆ ಅಲ್ಲೊಂದು ರೋ, ಇಲ್ಲದಿದ್ದರೆ ರೋ ಇಲ್ಲ. ನಲ್ ಅನ್ನೋದು ಎಲ್ಲಿಯೂ ಇಲ್ಲ.

ಮೊದಲನೇ ದಾರಿಯ ಹೊಂಡಗಳು ಎಲ್ಲಿವೆ ಅಂತ ಗೊತ್ತಿದ್ದರೆ ಆರಾಮಾಗಿ ಓಡಾಡಬಹುದು. ಒಂದು ಹೊಂಡ: ಯಾವ ಫ್ಲ್ಯಾಟಿಗೂ ಕೊಡದ ಪಾರ್ಕಿಂಗ್ ಪಟ್ಟಿ ಕೊಡು ಅಂತ 'ನಾಟ್ ಇನ್' ಬಳಸಿ ಕೇಳಿ ನೋಡಿ. ಒಂದೇ ಒಂದು ಫ್ಲ್ಯಾಟಿನಲ್ಲಿ ಪಾರ್ಕಿಂಗ್ ಐಡಿ ನಲ್ ಆಗಿದ್ದರೂ ಸಾಕು, ಉತ್ತರ ಪೂರ್ತಿ ಖಾಲಿ. ಯಾಕಂದ್ರೆ ಈ ಜಾಗ ಆ 'ಗೊತ್ತಿಲ್ಲ'ಕ್ಕೆ ಸಮ ಅಲ್ಲ ಅಂತ ಡೇಟಾಬೇಸ್ ಆಣೆ ಮಾಡಿ ಹೇಳಲಾರದು. 'ನಾಟ್ ಎಕ್ಸಿಸ್ಟ್ಸ್' ಬಳಸಿದರೆ ಈ ಕಾಟ ಇಲ್ಲ. ಇನ್ನೊಂದು ಹೊಂಡ: ಒಂದು ಪಾರ್ಕಿಂಗ್ ಇಬ್ಬರಿಗೆ ಹೋಗಬಾರದು ಅಂತ ಆ ಕಾಲಂ ಮೇಲೆ ಯುನೀಕ್ ಹಾಕ್ತೀರಿ. ಪೋಸ್ಟ್‌ಗ್ರೆ ಎಸ್‌ಕ್ಯೂಎಲ್, ಮೈ ಎಸ್‌ಕ್ಯೂಎಲ್‌ಗಳಲ್ಲಿ ಎಷ್ಟು ನಲ್ ಇದ್ದರೂ ತಕರಾರಿಲ್ಲ. ಎಸ್‌ಕ್ಯೂಎಲ್ ಸರ್ವರ್ ಮಾತ್ರ ಒಂದೇ ನಲ್ ಬಿಡುತ್ತೆ, ಪಾರ್ಕಿಂಗ್ ಇಲ್ಲದ ಎರಡನೇ ಫ್ಲ್ಯಾಟನ್ನು ಒಳಗೇ ಸೇರಿಸಲ್ಲ. ಅದಕ್ಕೆ 2008ರ ಆವೃತ್ತಿಯಿಂದ ಫಿಲ್ಟರ್ಡ್ ಇಂಡೆಕ್ಸ್ ಅಂತ ಪರಿಹಾರ ಬಂದಿದೆ. ಹುಡುಕಬೇಕು, ಅಷ್ಟೆ.

ಮೂರನೇ ದಾರಿಗೆ ಮಂದಿ ಮೂಗು ಮುರಿಯೋದು "ಸುಮ್ನೆ ಇನ್ನೊಂದು ಜಾಯಿನ್ ಯಾಕೆ" ಅಂತ. ಖರ್ಚು ಇದೆ, ನಿಜ. ಕೋಡ್ ಸ್ವಲ್ಪ ಉದ್ದ ಆಗುತ್ತೆ. ಆದರೆ ಆರು ತಿಂಗಳ ನಂತರ ಅಸೋಸಿಯೇಷನ್ನಿನವರು ಬಂದು, ಪಾರ್ಕಿಂಗ್ ಯಾವಾಗ ಕೊಟ್ಟಿದ್ದು, ಬಾಡಿಗೆ ಎಷ್ಟು, ಯಾರು ಒಪ್ಪಿಗೆ ಕೊಟ್ಟರು ಅಂತ ಕೇಳಿಯೇ ಕೇಳ್ತಾರೆ. ಅವನ್ನೆಲ್ಲ ಎಲ್ಲಿ ಇಡ್ತೀರಿ? ಮೊದಲನೇ ದಾರಿಯಲ್ಲಿ ಫ್ಲ್ಯಾಟ್ ಟೇಬಲ್ಲಿಗೇ ತುರುಕಬೇಕು, ಆಗ ಒಂದು ನಲ್ ಇದ್ದ ಕಡೆ ನಾಲ್ಕು ನಲ್. ನಾಲ್ಕರಲ್ಲಿ ಎರಡು ತುಂಬಿ ಎರಡು ಖಾಲಿ ಬಿಟ್ಟರೆ ಅದರ ಅರ್ಥ ಏನು ಅಂತ ದೇವರಿಗೇ ಗೊತ್ತು. ಹಂಚಿಕೆ ಟೇಬಲ್ ಇದ್ದರೆ ಆ ಕಾಲಂಗಳಿಗೆ ಅಲ್ಲಿ ಸಹಜವಾಗಿ ಜಾಗ ಇರುತ್ತೆ. ನನ್ನ ಅನುಭವದ ಲೆಕ್ಕ ಇಷ್ಟು: ಸಂಬಂಧಕ್ಕೆ ತನ್ನದೇ ಒಂದು ಕಥೆ ಇದ್ದರೆ, ಅಂದರೆ ಶುರುವಾದ ದಿನ, ಮುಗಿದ ದಿನ, ಕಾರಣ ಇದ್ದರೆ, ಅದಕ್ಕೆ ತನ್ನದೇ ಟೇಬಲ್ ಕೊಡಿ. ಇದ್ದವರಿಗಿಂತ ಇಲ್ಲದವರೇ ತುಂಬಾ ಜಾಸ್ತಿ ಅಂದ್ರೂ ಕೊಡಿ. ಉಳಿದ ಕಡೆ ನಲ್ ಆಗಬಲ್ಲ ಕೀ ಸಾಕು, ಅದೇನು ಪಾಪ ಅಲ್ಲ. ಮದುವೆಗೆ ಶುರುವಿನ ದಿನವೂ ಇದೆ, ಕೆಲವೊಮ್ಮೆ ಕೊನೆಯ ದಿನವೂ ಇದೆ. ಉದ್ಯೋಗಿ ಟೇಬಲ್ಲಿಗೆ ಸ್ಪೌಸ್ ಐಡಿ ಅಂತ ಅಂಟಿಸಿದ್ದು ಅಲ್ಲಿಗೇ ತಪ್ಪಾಗಿತ್ತು.

ಈಗ ಎರಡನೇ ದೂರು. ಜೆಪಿಎಯಲ್ಲಿ ಒಂದು ಸಂಬಂಧ ಬರೆದಾಗ, ನೀವು ಏನೂ ಹೇಳದಿದ್ದರೆ ಅದು 'ಆಪ್ಷನಲ್, ಹೌದು' ಅಂತಲೇ ತಿಳ್ಕೊಳ್ಳುತ್ತೆ. ಅಂದರೆ ಯೋಚನೆ ಮಾಡದವರಿಗೆಲ್ಲ ಉಚಿತವಾಗಿ ಒಂದು ನಲ್. ಜಾಂಗೋದಲ್ಲಿ ಉಲ್ಟಾ, ನಲ್ ಬೇಕಾದರೆ ನೀವೇ ಬಾಯಿಬಿಟ್ಟು ಕೇಳಬೇಕು. ರೇಲ್ಸ್‌ನವರೂ ಮೊದಲು ಜೆಪಿಎ ಥರವೇ ಇದ್ದು, 2016ರಲ್ಲಿ ಬಂದ 5ನೇ ಆವೃತ್ತಿಯಲ್ಲಿ ಹೊಸ ಆ್ಯಪ್‌ಗಳಿಗೆ 'ಬಿಲಾಂಗ್ಸ್ ಟು' ಅಂದರೆ ಇರಲೇಬೇಕು ಅಂತ ಬದಲಿಸಿದರು. ಅದು ಆ್ಯಪ್ ಮಟ್ಟದ ತಪಾಸಣೆ ಮಾತ್ರ, ಡೇಟಾಬೇಸಿನಲ್ಲಿ ಬೇಲಿ ನೀವೇ ಹಾಕಬೇಕು. ಆದರೂ ಒಳ್ಳೆ ಬದಲಾವಣೆ. ಐಚ್ಛಿಕ ಅನ್ನೋದು ಯಾರೋ ಕೂತು ಯೋಚಿಸಿ ತಗೊಂಡ ನಿರ್ಧಾರ ಆಗಿರಬೇಕು, ಬರೆಯೋಕೆ ಮರೆತದ್ದರ ಫಲ ಆಗಬಾರದು.

ಮೂರನೇ ದೂರು ಸ್ವಲ್ಪ ಸೂಕ್ಷ್ಮ. ಒಬ್ಬರಿಗೊಬ್ಬರು ಅನ್ನೋ ಸಂಬಂಧದಲ್ಲಿ ಕೀ ಎದುರು ಟೇಬಲ್ಲಿನಲ್ಲಿದೆ ಅಂದುಕೊಳ್ಳಿ. ಈ ಕಡೆಯಿಂದ ಅದನ್ನು 'ಲೇಝಿ' ಮಾಡು, ಕೇಳಿದಾಗ ತಂದುಕೊಡು ಅಂತ ಹೈಬರ್ನೇಟ್‌ಗೆ ಹೇಳ್ತೀರಿ. ಅದು ತಲೆಯಾಡಿಸಿ, ತಕ್ಷಣವೇ ಹೋಗಿ ತಂದುಬಿಡುತ್ತೆ. ಪಾಪ, ಅದಕ್ಕೂ ಬೇರೆ ದಾರಿಯಿಲ್ಲ. ಎದುರಿಗೆ ಯಾರಾದ್ರೂ ಇದ್ದರೆ ಅವರ ಜಾಗದಲ್ಲಿ ಒಂದು ಬೊಂಬೆ ಕೂರಿಸಬೇಕು, ಇಲ್ಲದಿದ್ದರೆ ನಲ್ ಇಡಬೇಕು. ಯಾವುದು ಅಂತ ಗೊತ್ತಾಗಬೇಕಾದರೆ ಆ ಟೇಬಲ್ಲಿಗೆ ಹೋಗಿ ನೋಡಲೇಬೇಕು. ನೂರು ಫ್ಲ್ಯಾಟ್ ತಂದರೆ ನೂರು ಸಲ ಹೋಗಿ ಬರುತ್ತೆ. ಪೇಜ್ ಯಾಕಿಷ್ಟು ಸ್ಲೋ ಅಂತ ಮ್ಯಾನೇಜರ್ ಕೇಳ್ತಾರೆ, ನಾವು ಸರ್ವರ್ ಮೇಲೆ ಹಾಕ್ತೀವಿ. ಎರಡೂ ಟೇಬಲ್ಲಿಗೆ ಒಂದೇ ಪ್ರೈಮರಿ ಕೀ ಹಂಚಿಕೊಂಡು ಎದುರಿನ ಕಡೆಯಿಂದಷ್ಟೇ ಸಂಬಂಧ ಬರೆಯೋದು, ಇಲ್ಲವೇ ಬೈಟ್‌ಕೋಡ್ ತಿದ್ದುವ ಸೌಲಭ್ಯ ಹಾಕಿಕೊಳ್ಳೋದು, ಹೀಗೆ ಪರಿಹಾರಗಳಿವೆ. ಆದರೆ 'ಇದೆಯೋ ಇಲ್ಲವೋ' ಅಂತ ತಿಳಿಯೋದಕ್ಕೇ ಒಂದು ಬೆಲೆ ಇದೆ ಅನ್ನೋದು ನಾವು ಬರೆಯೋ ಒಂದು ಸಾಲಿನ ಅನೊಟೇಶನ್‌ನಲ್ಲಿ ಎಲ್ಲೂ ಕಾಣಲ್ಲ.

2014ರಲ್ಲಿ ಜಾವಾ 8 ಬಂದು 'ಆಪ್ಷನಲ್' ಅನ್ನೋ ಟೈಪ್ ಕೊಟ್ಟಾಗ ನಾನು ಹಿಗ್ಗಿದ್ದೆ. ಇನ್ನು ಮೇಲೆ 'ಇರಬಹುದು, ಇಲ್ಲದಿರಬಹುದು' ಅನ್ನೋದನ್ನ ಟೈಪಿನಲ್ಲೇ ಹೇಳಬಹುದಲ್ಲ! ಆದರೆ ಎಂಟಿಟಿಯ ಫೀಲ್ಡಿಗೆ ಅದನ್ನು ಹಾಕೋ ಹಾಗಿಲ್ಲ, ದುಭಾಷಿ ಒಪ್ಪಲ್ಲ. ಗೆಟರ್‌ನಲ್ಲಿ ಸುತ್ತಿ ಕೊಡಬಹುದು, ನಾನೀಗ ಹಾಗೇ ಮಾಡ್ತೀನಿ. ಪೂರ್ತಿ ಗೆಲುವಲ್ಲ, ಆದರೆ ಕೋಡ್ ಬಳಸೋ ಮುಂದಿನವನಿಗೆ 'ಇಲ್ಲದಿದ್ದರೆ ಏನು ಮಾಡ್ತೀಯ?' ಅನ್ನೋ ಪ್ರಶ್ನೆ ಎದುರಾಗುತ್ತೆ.

ಹಾಗಂತ ಎಲ್ಲವನ್ನೂ ಕಡ್ಡಾಯ ಮಾಡಿಬಿಟ್ಟರೆ ಮುಗೀತಾ? ಅದು ಇನ್ನೂ ದೊಡ್ಡ ತಪ್ಪು. ಆ ಫೋನ್ ಬಂದ ಮೇಲೆ ನಮ್ಮ ಟೀಮಿನಲ್ಲಿ ಒಬ್ಬರು ಸಲಹೆ ಕೊಟ್ಟರು, "ಸ್ಪೌಸ್ ಟೇಬಲ್ಲಿನಲ್ಲಿ 'ಅನ್ವಯಿಸುವುದಿಲ್ಲ' ಅಂತ ಒಂದು ರೋ ಹಾಕಿ, ಇಲ್ಲದವರಿಗೆಲ್ಲ ಅದನ್ನೇ ಕೊಟ್ಟುಬಿಡೋಣ." ತುರ್ತಿಗೆ ಅಂತ ಹಾಗೇ ಮಾಡಿದೆವು. ಮುಂದಿನ ತಿಂಗಳ ರಿಪೋರ್ಟಿನಲ್ಲಿ 'ಅನ್ವಯಿಸುವುದಿಲ್ಲ' ಅನ್ನೋ ಒಬ್ಬ ವ್ಯಕ್ತಿಗೆ 132 ಜನ ಗಂಡ ಹೆಂಡಿರು! ಇನ್ಶೂರೆನ್ಸಿನವರು ಅವರಿಗೂ ಪ್ರೀಮಿಯಂ ಲೆಕ್ಕ ಹಾಕಿ ಕಳಿಸಿದರು. ನಕ್ಕೆವು, ಆಮೇಲೆ ಶನಿವಾರ ಕೂತು ತೆಗೆದೆವು.

ನಗು ಬರದ ಉದಾಹರಣೆಗಳೂ ಇವೆ. ನಮ್ಮ ದೇಶದ ಪ್ಯಾನ್ ಅರ್ಜಿಯಲ್ಲಿ ಬಹಳ ಕಾಲ ತಂದೆಯ ಹೆಸರು ಕಡ್ಡಾಯವಾಗಿತ್ತು. ತಾಯಿಯೊಬ್ಬಳೇ ಬೆಳೆಸಿದ ಮಕ್ಕಳು ಏನು ಬರೆಯಬೇಕಿತ್ತು? 2018ರ ಡಿಸೆಂಬರಿನಿಂದ ಅಂಥವರಿಗೆ ಆ ಕಡ್ಡಾಯ ತೆಗೆದರು. ಪಾಸ್‌ಪೋರ್ಟಿನವರು 2016ರ ಕೊನೆಯಲ್ಲೇ ತಂದೆ, ತಾಯಿ, ಪೋಷಕ, ಯಾರಾದರೂ ಒಬ್ಬರ ಹೆಸರು ಸಾಕು ಅಂದಿದ್ದರು. ಸುದ್ದಿಯಲ್ಲಿ ಇವೆಲ್ಲ ಸಮಾಜ ಸುಧಾರಣೆ ಅಂತ ಬಂತು, ಅದು ಹೌದು. ನನ್ನ ಕಸುಬಿನ ಕಣ್ಣಿಗೆ ಮಾತ್ರ ಇನ್ನೊಂದೂ ಕಾಣ್ತು. ಕಡ್ಡಾಯ ಅಂತಿದ್ದ ಒಂದು ಸಂಬಂಧವನ್ನು ಐಚ್ಛಿಕ ಮಾಡೋಕೆ ಒಂದು ದೇಶಕ್ಕೆ ಇಷ್ಟು ವರ್ಷ ಬೇಕಾಯ್ತು. 'ನಾಟ್ ನಲ್' ಅಂತ ಬರೆಯೋಕೆ ನಮಗೆ ಎರಡು ಸೆಕೆಂಡ್ ಸಾಕು.

ಕಡ್ಡಾಯ ಮಾಡಿದರೆ ಜನ ಸುಳ್ಳು ತುಂಬ್ತಾರೆ. ಐಚ್ಛಿಕ ಮಾಡಿ ಮರೆತರೆ ಜನರೇ ಕಾಣೆಯಾಗ್ತಾರೆ. ಎರಡರ ನಡುವೆ ಆಯ್ಕೆ ಮಾಡೋ ಕೆಲಸವನ್ನು ಹೈಬರ್ನೇಟ್ ಮಾಡಿಕೊಡಲ್ಲ. ಅದಕ್ಕೆ ಮದುವೆ ಅಂದ್ರೇನು, ಪಾರ್ಕಿಂಗ್ ಅಂದ್ರೇನು ಅಂತ ಗೊತ್ತಿಲ್ಲ. ಹಾಗಂತ ನಾನು ಅದನ್ನ ಬಿಟ್ಟಿಲ್ಲ, ಇವತ್ತೂ ಅದರಲ್ಲೇ ಕೆಲಸ ಮಾಡ್ತೀನಿ. ಕೈಯಲ್ಲಿ ಎಲ್ಲ ಎಸ್‌ಕ್ಯೂಎಲ್ ಬರೆಯೋ ಕಾಲಕ್ಕೆ ವಾಪಸ್ ಹೋಗೋ ಆಸೆ ನನಗಿಲ್ಲ. ರಿಪೋರ್ಟಿನ ಕ್ವೆರಿಗಳಲ್ಲಿ ಮಾತ್ರ ಡಾಟ್ ಮೇಲೆ ಡಾಟ್ ಇಡೋದು ಬಿಟ್ಟು, 'ಲೆಫ್ಟ್ ಜಾಯಿನ್' ಅಂತ ಬಿಡಿಸಿ ಬರೀತೀನಿ. ಪಟ್ಟಿ ಹೊರಗೆ ಹೋಗೋ ಮುಂಚೆ ಅದರಲ್ಲಿರೋ ತಲೆಗಳನ್ನೂ ಮೂಲ ಟೇಬಲ್ಲಿನ ತಲೆಗಳನ್ನೂ ಎಣಿಸಿ ತಾಳೆ ನೋಡೋ ಒಂದು ಸಾಲು ಸೇರಿಸ್ತೀನಿ. ಅದೊಂದು ಸಾಲು ಅವತ್ತು ಇದ್ದಿದ್ದರೆ ಸಾಕಿತ್ತು.

ಮೇಡಂ ವಿಷಯ ಹೇಳಿ ಮುಗಿಸ್ತೀನಿ. ಅವರು ತಮ್ಮನ ಹತ್ತಿರ ಸಾಲ ಮಾಡಿ ಬಿಲ್ ಕಟ್ಟಿದರು. ಆಪರೇಷನ್ ಚೆನ್ನಾಗಾಯ್ತು. ದುಡ್ಡು ವಾಪಸ್ ಬರೋಕೆ ಮೂರು ತಿಂಗಳು ಹಿಡೀತು, ಬಂತು. ನಾನು ಕ್ಷಮೆ ಕೇಳಿ ಮೇಲ್ ಬರೆದೆ. "ಪರವಾಗಿಲ್ಲ, ಉಳಿದವರದ್ದು ಸರಿ ಮಾಡಿದ್ದೀರಲ್ಲ" ಅಂತ ಒಂದು ಸಾಲಿನ ಉತ್ತರ ಬಂತು.

ಆಗ ನಾನು ಬರೆದಿದ್ದ ಟೆಸ್ಟ್ ಡೇಟಾ ಆಮೇಲೆ ತೆಗೆದು ನೋಡಿದೆ. ಇಪ್ಪತ್ತು ಜನ ಉದ್ಯೋಗಿಗಳು, ಇಪ್ಪತ್ತು ಜನಕ್ಕೂ ಮದುವೆ ಮಾಡಿಸಿಬಿಟ್ಟಿದ್ದೆ. ಆಗ ನನಗೇ ಮದುವೆ ಆಗಿರಲಿಲ್ಲ. ಈಗ ಯಾವ ಪ್ರಾಜೆಕ್ಟ್ ಶುರು ಮಾಡಿದರೂ, ಟೆಸ್ಟ್ ಡೇಟಾದ ಮೊದಲನೇ ರೋನಲ್ಲಿ ಯಾರೂ ಇಲ್ಲದ ಒಬ್ಬರನ್ನು ಕೂರಿಸ್ತೀನಿ. ಅವರು ಪಟ್ಟಿಯಲ್ಲಿ ಬಂದರೆ ಉಳಿದವರೂ ಬಂದಿರ್ತಾರೆ.